ಒಂದು ಜೋಡಿಗೆ ಒಂದು ಸಾಲು

ಪಾದವೊಂದು ಕಂಪ್ಯೂಟರಿನ ಒಳಗೆ ಬಂದು ಸೇರಿದಾಗ ಅದಕ್ಕೆ ಬೆರಳಿರುವುದಿಲ್ಲ, ಬಿಸಿಯಿರುವುದಿಲ್ಲ, ಒಡೆದ ಹಿಮ್ಮಡಿಯೂ ಇರುವುದಿಲ್ಲ. ಬಳುಕಿದ ಬ್ರಾಕೆಟ್ಟಿನೊಳಗೆ ಇನ್ನೊಂದು ಬ್ರಾಕೆಟ್ಟು, ಅದರೊಳಗೆ ಮತ್ತೊಂದು. ಎಲ್ಲಕ್ಕಿಂತ ಹೊರಗೆ ಮನುಷ್ಯನ ಹೆಸರು, ಅದರೊಳಗೆ ಎಡಗಾಲು ಬಲಗಾಲು, ಕಾಲಿನೊಳಗೆ ಉದ್ದ, ಅಗಲ, ಅಂಗಾಲಿನ ಕಮಾನಿನ ಎತ್ತರ, ಇನ್ನೂ ಒಳಗೆ ಎಲ್ಲೆಲ್ಲಿ ಎಷ್ಟು ಭಾರ ಬೀಳುತ್ತದೆ ಎಂಬ ಅಂಕಿಗಳು. ಡಬ್ಬಿಯೊಳಗೆ ಡಬ್ಬಿ ಇಟ್ಟು ಮುಚ್ಚಿದ ಹಾಗೆ. ಈ ಡಬ್ಬಿಗಳನ್ನೆಲ್ಲ ಬಿಚ್ಚಿ, ಒಳಗಿದ್ದುದನ್ನು ತೆಗೆದು, ಸ್ಪ್ರೆಡ್‌ಶೀಟಿನ ಮನೆಗಳಲ್ಲಿ ಒಂದೊಂದಾಗಿ ಕೂರಿಸುವುದು ಚೌಕಮ್ಮನ ಕೆಲಸ.

ಚೌಕಮ್ಮ ಎಂಬುದು ಮೇಸ್ತ್ರಿ ಇಟ್ಟ ಹೆಸರು. ಮೂಳೆ ಆಸ್ಪತ್ರೆಯ ಹಿಂದೆ, ಬಟ್ಟೆ ಒಗೆಯುವ ಕೋಣೆ ದಾಟಿದರೆ ಒಂದು ಉದ್ದನೆಯ ಶೆಡ್ಡು ಸಿಗುತ್ತದೆ. ಮಾಮೂಲಿ ಅಂಗಡಿಯ ಚಪ್ಪಲಿ ಹಾಕಲಾರದ ಕಾಲುಗಳಿಗೆ ಅಲ್ಲಿ ಪಾದರಕ್ಷೆ ಮಾಡುತ್ತಾರೆ. ಮುಂದಿನ ಕೋಣೆಯಲ್ಲಿ ಪಾದ ಅಳೆಯುವ ಯಂತ್ರ, ಅದನ್ನು ನಡೆಸುವ ಟೆಕ್ನಿಷಿಯನ್. ನಡುವಿನ ಪುಟ್ಟ ಕೋಣೆಯಲ್ಲಿ ಕಂಪ್ಯೂಟರು, ಪ್ರಿಂಟರು, ಚೌಕಮ್ಮ. ಹಿಂದಿನ ದೊಡ್ಡ ಕೋಣೆಯಲ್ಲಿ ಪಾದದ ಆಕಾರದ ಮರದ ಅಚ್ಚುಗಳು, ಚರ್ಮ, ಅಂಟು, ಹೊಲಿಗೆ ಯಂತ್ರಗಳು, ಮೇಸ್ತ್ರಿ ಮತ್ತು ಅವರ ಕೈಕೆಳಗಿನ ಕೆಲಸಗಾರರು. ಚೌಕಮ್ಮನ ಕೋಣೆಗೂ ಮೇಸ್ತ್ರಿಯ ಕೋಣೆಗೂ ಮಧ್ಯೆ ಗೋಡೆ, ಗೋಡೆಯಲ್ಲಿ ಒಂದು ಸಣ್ಣ ಕಿಟಕಿ. ಆ ಕಿಟಕಿಯಿಂದ ಅತ್ತ ಹಾಳೆ ಹೋಗುತ್ತಿತ್ತು, ಇತ್ತ ಅಂಟಿನ ವಾಸನೆ ಬರುತ್ತಿತ್ತು. ಒಂದೇ ಸೂರಿನ ಕೆಳಗಿದ್ದರೂ ಅವರಿಬ್ಬರ ನೆಂಟಸ್ತನ ಅಷ್ಟೇ.

ಚೌಕಗಳ ಹುಚ್ಚು ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಮನೆಗಳ ನೆಲಕ್ಕೆ ಟೈಲ್ಸ್ ಹಾಕುತ್ತಿದ್ದವರು. ರಜೆಯ ದಿನಗಳಲ್ಲಿ ಅವಳು ದಾರದ ಒಂದು ತುದಿ ಹಿಡಿದು ಮೂಲೆಯಲ್ಲಿ ಕೂತಿರುತ್ತಿದ್ದಳು. ಅಪ್ಪ ಮೊದಲ ಸಾಲು ಜೋಡಿಸಿದ ಮೇಲೆ ಸಿಮೆಂಟು ಕಲಸುವುದನ್ನು ಬಿಟ್ಟು, ಕೈ ಒರೆಸಿಕೊಂಡು, ಬಾಗಿಲ ಹೊರಗೆ ಹೋಗಿ ನಿಲ್ಲುತ್ತಿದ್ದರು. ಏನು ನೋಡ್ತಿದೀಯಪ್ಪಾ ಎಂದು ಒಮ್ಮೆ ಕೇಳಿದ್ದಕ್ಕೆ, ಈ ಮನೆಯವರು ಮೊದಲು ಕಾಲಿಡೋದು ಇಲ್ಲಿಂದ, ಮೂಲೆಯಲ್ಲಿ ಕೂತವನ ಕಣ್ಣಿಗೆ ಸರಿ ಕಂಡರೆ ಏನು ಬಂತು ಎಂದಿದ್ದರು. ಅವಳಿಗೆ ಆಗ ಅದು ಅಪ್ಪ ಸೊಂಟ ನೆಟ್ಟಗೆ ಮಾಡಿಕೊಳ್ಳಲು ಹೂಡಿದ ನೆಪ ಅನ್ನಿಸಿತ್ತು.

ಹಳೆಯ ಯಂತ್ರ ಇದ್ದಾಗ ಶೆಡ್ಡಿನಲ್ಲಿ ಅವಳಿಗೆ ಹೇಳಿಕೊಳ್ಳುವಂಥ ಕೆಲಸ ಇರಲಿಲ್ಲ. ಆ ಯಂತ್ರವೇ ಪಾದದ ಚಿತ್ರ ಅಚ್ಚುಹಾಕಿ ಕೊಡುತ್ತಿತ್ತು, ಮೇಸ್ತ್ರಿ ಅದನ್ನು ಮೇಜಿನ ಮೇಲೆ ಮೊಳೆ ಹೊಡೆದು ಇಟ್ಟುಕೊಳ್ಳುತ್ತಿದ್ದರು. ಹೊಸ ಯಂತ್ರ ಬಂದಾಗ ಅದು ಚಿತ್ರ ಕೊಡಲಿಲ್ಲ, ಫೈಲು ಕೊಟ್ಟಿತು. ಫೈಲು ತೆರೆದರೆ ಬ್ರಾಕೆಟ್ಟುಗಳ ಜಾತ್ರೆ. ಶೆಡ್ಡಿನ ಉಸ್ತುವಾರಿ ನೋಡುವ ಮ್ಯಾನೇಜರು ಒಂದು ರೆಡಿಮೇಡ್ ಪ್ರೋಗ್ರಾಮು ತರಿಸಿಕೊಟ್ಟು, ಒಂದು ಗುಂಡಿ ಒತ್ತಿದರೆ ಸಾಕು, ಎಲ್ಲ ತಾನೇ ಕೋಷ್ಟಕ ಆಗುತ್ತದೆ ಎಂದರು. ಗುಂಡಿ ಒತ್ತಿದಳು. ಕೋಷ್ಟಕ ಆಯಿತು, ಆದರೆ ಅದರ ಅಗಲ ಗೂಡ್ಸ್ ರೈಲಿನ ಉದ್ದದಷ್ಟಿತ್ತು. ಒಬ್ಬನೇ ಮನುಷ್ಯ ಹಲವು ಸಾಲುಗಳಲ್ಲಿ ಮತ್ತೆ ಮತ್ತೆ ಹುಟ್ಟಿ ಬರುತ್ತಿದ್ದ. ಅವನ ಪಾದದ ಮೇಲೆ ಎಷ್ಟು ಕಡೆ ಭಾರ ಅಳೆದಿದ್ದರೋ ಅಷ್ಟು ಜನ್ಮ ಅವನಿಗೆ.

ಅವಳು ಅದನ್ನು ಪಳಗಿಸಲು ಕೂತಳು. ಯಾವ ಡಬ್ಬಿಯ ವಸ್ತು ಯಾವ ಕಾಲಂಗೆ ಹೋಗಬೇಕು ಎಂದು ಪ್ರೋಗ್ರಾಮಿಗೆ ಒಂದೊಂದೇ ಹೇಳಿಕೊಟ್ಟಳು. ಮೇಸ್ತ್ರಿಗೆ ಬೇಡದ್ದನ್ನು ಹಿಂದೆ ಸರಿಸಿದಳು, ಸಾಲು ಸಾಲಾಗಿ ಚದುರಿ ಹೋಗಿದ್ದ ಭಾರದ ಅಂಕಿಗಳನ್ನು ಒಂದೇ ಮನೆಯೊಳಗೆ ಪೋಣಿಸಿದಳು. ಒಂದು ಜೋಡಿಗೆ ಒಂದು ಸಾಲು, ಸಾಲಿನಲ್ಲಿ ಎಡಗಾಲಿನದು ಎಡಕ್ಕೆ, ಬಲಗಾಲಿನದು ಬಲಕ್ಕೆ, ಇಡೀ ವಾರದ ಕೆಲಸ ಒಂದೇ ಹಾಳೆಯಲ್ಲಿ ಎಂಬಲ್ಲಿಗೆ ತಂದು ನಿಲ್ಲಿಸಿದಾಗ ಅವಳಿಗೆ ಹೊಸ ನೆಲದ ಮೇಲೆ ಬರಿಗಾಲಲ್ಲಿ ನಡೆದ ಹಾಗಾಯಿತು.

ಮೊದಲ ಹಾಳೆ ಕಿಟಕಿಯಿಂದ ಹೋದ ಸ್ವಲ್ಪ ಹೊತ್ತಿಗೇ ಮೇಸ್ತ್ರಿಯ ತಲೆ ಕಿಟಕಿಯಲ್ಲಿ ಕಾಣಿಸಿತು. ಅಟ್ಟೆಯ ದಪ್ಪ ಹತ್ತರಿಂದ ಹನ್ನೆರಡು ಮಿಲಿಮೀಟರು ಇರಲಿ ಎಂದು ಡಾಕ್ಟರು ಫೈಲಿನಲ್ಲಿ 10-12 ಅಂತ ಅಡ್ಡಗೀಟು ಹಾಕಿ ಬರೆದಿದ್ದರು. ಸ್ಪ್ರೆಡ್‌ಶೀಟು ಅದನ್ನು ತಾರೀಖು ಎಂದುಕೊಂಡು ಡಿಸೆಂಬರ್ ಹತ್ತು ಮಾಡಿಟ್ಟಿತ್ತು.

"ಇದು ಯಾರ ಹುಟ್ಟಿದ ದಿನ ಅಂತ ಗೊತ್ತಾದರೆ, ಚೌಕಮ್ಮಾ, ಚಪ್ಪಲಿ ಜೊತೆಗೆ ಒಂದು ಕೇಕೂ ಕತ್ತರಿಸಿ ಕೊಡ್ತೀನಿ," ಎಂದರು ಮೇಸ್ತ್ರಿ.

ಹೆಸರು ಅವತ್ತು ಅಂಟಿಕೊಂಡದ್ದು. ಶೆಡ್ಡಿನ ಅಂಟು, ಬಿಡಲಿಲ್ಲ. ಅವಳು ಆ ಕಾಲಂಗೆ ಇದು ಬರಿಯ ಬರಹ, ತಾರೀಖಲ್ಲ ಎಂದು ಬುದ್ಧಿ ಹೇಳಿದಳು. ಆಮೇಲೆ ಸುಮಾರು ದಿನ ಎಲ್ಲ ಸರಾಗವಾಗಿ ನಡೆಯಿತು. ಆಗ ಬರುತ್ತಿದ್ದುದೆಲ್ಲ ಸಕ್ಕರೆ ಕಾಯಿಲೆಯವರ ಮೆತ್ತನೆ ಚಪ್ಪಲಿಗಳು. ಎರಡು ಕಾಲಿಗೂ ಒಂದೇ ದಪ್ಪ, ಒಂದೇ ಮೆತ್ತೆ.

ಎರಡು ಕಾಲಿಗೆ ಎರಡು ಅಳತೆ ಬೇಕಾದ ಮೊದಲ ಜೋಡಿ ಅವಳ ಮನೆಯಿಂದಲೇ ಬಂತು.

ಅವಳ ನಾದಿನಿ ಬಸ್ ಕಂಡಕ್ಟರು. ಗಂಡನ ತಂಗಿ, ಮದುವೆಯಾಗದವಳು, ಇವರ ಜೊತೆಗೇ ಇದ್ದವಳು. ತುಂಬಿದ ಬಸ್ಸಿನಲ್ಲಿ ಯಾವ ಕಂಬಿಯನ್ನೂ ಹಿಡಿಯದೆ ಮುಂದಿನಿಂದ ಹಿಂದಕ್ಕೆ ನೀರಿನ ಹಾಗೆ ಹರಿದು ಹೋಗುತ್ತಿದ್ದಳು. ಒಂದು ದಿನ ಡ್ರೈವರು ಅಡ್ಡ ಬಂದ ಸೈಕಲ್ಲನ್ನು ಉಳಿಸಲು ಬ್ರೇಕು ಹಾಕಿದ. ಸೈಕಲ್ಲಿನವನು ಉಳಿದ, ಇವಳು ಮೆಟ್ಟಿಲಿನಿಂದ ಕೆಳಗೆ ಬಿದ್ದಳು. ಬಲತೊಡೆಯ ಮೂಳೆ ಮುರಿಯಿತು. ಮೂಳೆ ಕೂಡಿಕೊಂಡಿತು, ಆದರೆ ಕಾಲು ಒಂದು ಬೆರಳಿನ ಅಗಲದಷ್ಟು ಗಿಡ್ಡವಾಯಿತು. ಈಗ ಡಿಪೋದವರು ಪರೀಕ್ಷೆಯ ದಿನ ಗೊತ್ತುಮಾಡಿದ್ದರು. ಸೋಮವಾರ ಬೆಳಿಗ್ಗೆ, ಓಡುವ ಬಸ್ಸಿನಲ್ಲಿ, ಕೈಯಲ್ಲಿ ಟಿಕೆಟ್ ಯಂತ್ರ ಹಿಡಿದು, ಏನನ್ನೂ ಆತುಕೊಳ್ಳದೆ ಮುಂದಿನಿಂದ ಹಿಂದಿನವರೆಗೆ ನಡೆದು ತೋರಿಸಬೇಕು. ಹಾಗೆ ನಡೆದರೆ ಅವಳ ಬಸ್ಸು ಅವಳಿಗೆ. ಆಗದಿದ್ದರೆ ಡಿಪೋದ ಹಿಂಭಾಗದ ದಾಸ್ತಾನು ಕೋಣೆಯಲ್ಲಿ ಕಾಯಂ ಕುರ್ಚಿ. ಆ ಕೋಣೆಗೆ ಕಿಟಕಿ ಇಲ್ಲ ಎಂಬುದನ್ನು ನಾದಿನಿ ಮನೆಯಲ್ಲಿ ಎಷ್ಟು ಸಲ ಹೇಳಿದ್ದಳೆಂದರೆ, ಆ ಕಿಟಕಿ ಇಲ್ಲದ ಗೋಡೆ ಎಲ್ಲರ ಕಣ್ಣಿಗೂ ಕಟ್ಟಿತ್ತು.

ಟೆಕ್ನಿಷಿಯನ್ನು ಅಳೆದ. ಫೈಲು ಬಂತು. ಚೌಕಮ್ಮ ಡಬ್ಬಿ ಬಿಚ್ಚಿದಳು. ಬಲಗಾಲಿನ ಅಟ್ಟೆಗೆ ಹದಿನಾಲ್ಕು ಮಿಲಿಮೀಟರು ಹೆಚ್ಚಿನ ಎತ್ತರ, ಎಡಗಾಲಿನ ಕಮಾನಿಗೆ ಒಂದು ಮೆತ್ತೆ, ಏಕೆಂದರೆ ಇಷ್ಟು ದಿನ ಮೈಭಾರವನ್ನೆಲ್ಲ ಹೊತ್ತು ಆ ಕಾಲು ದಣಿದಿತ್ತು. ಹಾಳೆಯಲ್ಲಿ ನಾದಿನಿಯ ಸಾಲನ್ನು ಅವಳು ಬೆರಳಿಟ್ಟು ಓದಿ, ಮತ್ತೆ ಓದಿ, ಕಿಟಕಿಯಿಂದ ದಾಟಿಸಿದಳು.

ಶುಕ್ರವಾರ ಬೂಟು ಸಿದ್ಧವಾಯಿತು. ಕಪ್ಪು ಬಣ್ಣ, ದುಂಡನೆ ಮೂತಿ, ಸಮವಸ್ತ್ರಕ್ಕೆ ಒಪ್ಪುವಂಥದ್ದು. ನಾದಿನಿ ಲೇಸು ಕಟ್ಟಿಕೊಂಡು ಎದ್ದು ನಿಂತಳು. ನಿಂತವಳು ಬಲಕ್ಕೆ ವಾಲಿ ಮೇಸ್ತ್ರಿಯ ಹೆಗಲು ಹಿಡಿದಳು.

"ಅತ್ತಿಗೆ, ಮೊದಲು ನಾನು ಕುಂಟ್ತಾ ಇದ್ದೆ. ಈಗ ಗುಡ್ಡದ ಮೇಲೆ ಒಂದು ಕಾಲು, ಬಾವಿಯೊಳಗೆ ಒಂದು ಕಾಲು."

ಅಲ್ಲಿದ್ದವರು ನಕ್ಕರು. ನಾದಿನಿ ನಗಲಿಲ್ಲ. ಹದಿನಾಲ್ಕು ಮಿಲಿಮೀಟರು ಎಡಗಾಲಿಗೆ ಹೋಗಿ ಕೂತಿತ್ತು. ಉದ್ದವಿದ್ದ ಕಾಲು ಇನ್ನಷ್ಟು ಉದ್ದವಾಗಿತ್ತು.

ಆಮೇಲೆ ನಡೆದದ್ದು ವಿಚಿತ್ರ. ಟೆಕ್ನಿಷಿಯನ್ನು ಯಂತ್ರದಲ್ಲಿ ನೋಡಿದ, ಅವನ ಅಳತೆ ಸರಿ ಇತ್ತು. ಚೌಕಮ್ಮ ಫೈಲು ತೆರೆದು ಬ್ರಾಕೆಟ್ಟುಗಳನ್ನು ಒಂದೊಂದಾಗಿ ಬಿಚ್ಚಿದಳು, ಬಲಗಾಲಿನ ಡಬ್ಬಿಯಲ್ಲೇ ಹದಿನಾಲ್ಕಿತ್ತು. ಹಾಳೆ ನೋಡಿದಳು, ಬಲಗಾಲಿನ ಮನೆಯಲ್ಲೇ ಹದಿನಾಲ್ಕಿತ್ತು. ಮೇಸ್ತ್ರಿ ಹಾಳೆಯನ್ನು ತಮ್ಮ ಎದೆಗೆ ಒತ್ತಿ ಹಿಡಿದು, ಹಾಳೆಯಲ್ಲಿ ಇರೋ ಹಾಗೇ ಮಾಡಿದೀನಿ, ಒಂದು ಕೂದಲಷ್ಟೂ ಆಚೀಚೆ ಇಲ್ಲ ಎಂದರು. ಅವರ ಮುಖ ಸಣ್ಣದಾಗಿತ್ತು. ಎಲ್ಲರೂ ಸರಿ, ಬೂಟು ಮಾತ್ರ ತಪ್ಪು. ಮ್ಯಾನೇಜರು ಯಂತ್ರದ ಕಂಪನಿಗೆ ಬರೆದು ಕೇಳೋಣ, ಮುಂದಿನ ವಾರ ಯಾರಾದರೂ ಬಂದು ನೋಡುತ್ತಾರೆ ಎಂದರು. ಮುಂದಿನ ವಾರ ಎಂದರೆ ಸೋಮವಾರದ ಆಚೆ. ಪರೀಕ್ಷೆ ಮುಂದಕ್ಕೆ ಹಾಕುವ ಪದ್ಧತಿ ಡಿಪೋದಲ್ಲಿ ಇರಲಿಲ್ಲ.

ಆ ಸಂಜೆ ಮನೆಯಲ್ಲಿ ನಾದಿನಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಅವಳ ಅಣ್ಣ, ಕುರ್ಚಿಯ ಕೆಲಸವೂ ಕೆಲಸವೇ ಅಲ್ಲವಾ, ಮಳೆ ಬಿಸಿಲು ಇರೋದಿಲ್ಲ ಎಂದು ಸಮಾಧಾನಕ್ಕೆ ಹೇಳಿದ. ಅವಳು ತೋಳಿನ ಮಡಿಕೆಯನ್ನು ಒಂದೇ ಕಡೆ ಒತ್ತುತ್ತಲೇ ಇದ್ದಳು. ಬಟ್ಟೆ ಸುಟ್ಟೀತೆಂದು ಚೌಕಮ್ಮ ಹೋಗಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ, ಅವಳ ಪಕ್ಕ ನಿಂತುಕೊಂಡಳು.

ಶನಿವಾರ ಶೆಡ್ಡಿಗೆ ಬಂದವಳು ತನ್ನ ಕುರ್ಚಿಯಲ್ಲಿ ಕೂರಲಿಲ್ಲ. ಅಂಗಳ ಸುತ್ತಿಕೊಂಡು ಹೋಗಿ, ಹಿಂದಿನ ಬಾಗಿಲಿನಿಂದ ಮೇಸ್ತ್ರಿಯ ಕೋಣೆಗೆ ಹೋದಳು. ಕಿಟಕಿಯಿಂದ ಕಾಣುತ್ತಿದ್ದುದು ಆ ಕೋಣೆಯ ಒಂದು ತುಂಡು ಮಾತ್ರ. ಈಗ ಪೂರ್ತಿ ಕಂಡಿತು. ಸೂರಿನ ಗಾಜಿನಿಂದ ಬೆಳಕು ಬಿದ್ದ ಉದ್ದನೆಯ ಮೇಜು, ತೊಲೆಯಿಂದ ಜೋಡಿ ಜೋಡಿಯಾಗಿ ತೂಗುತ್ತಿದ್ದ ಮರದ ಪಾದಗಳು, ನೆಲದಲ್ಲಿ ಚರ್ಮದ ಚೂರು. ಅವಳ ಹಾಳೆ ಮೇಜಿನ ಎದುರು ಗೋಡೆಗೆ ಅಂಟಿಸಿತ್ತು. ಅಂಚೆಲ್ಲ ಕಂದು ಬೆರಳಚ್ಚು.

ಮೇಸ್ತ್ರಿ ನಿನ್ನೆಯ ಮುನಿಸನ್ನು ಇನ್ನೂ ಬಿಟ್ಟಿರಲಿಲ್ಲ. ತಪಾಸಣೆಗೆ ಬಂದ್ರಾ ಎಂದು ಕೇಳಿದರು. ಅಲ್ಲ ಮೇಸ್ತ್ರಿ, ಸುಮ್ಮನೆ ಕೂರ್ತೀನಿ, ನೀವು ನಿಮ್ಮ ಪಾಡಿಗೆ ಕೆಲಸ ಮಾಡಿ ಎಂದಳು. ಅವರು ಕಾಲಿನಿಂದ ಒಂದು ಸ್ಟೂಲನ್ನು ಅವಳ ಕಡೆ ತಳ್ಳಿದರು.

ಬೇರೆ ಯಾರದೋ ಒಂದು ಜೋಡಿ ಮೇಜಿಗೆ ಬಂತು. ಮೇಸ್ತ್ರಿ ಅಚ್ಚಿಗೆ ತೊಡಿಸಿದ ಬೂಟುಗಳನ್ನು ಮಗುಚಿ ಮಲಗಿಸಿದರು: ಅಟ್ಟೆ ಮೇಲೆ, ಬೆರಳಿನ ಕಡೆ ಗೋಡೆಗೆ, ಎರಡರ ಹೆಬ್ಬೆರಳೂ ಪಕ್ಕಪಕ್ಕ. ಅಂಟು ಬಳಿಯುವಾಗ, ಅಟ್ಟೆ ಕೂರಿಸುವಾಗ, ಅಂಚು ಉಜ್ಜುವಾಗ, ಬೂಟು ಅವರ ಮುಂದೆ ಹೀಗೇ ತಲೆಕೆಳಗಾಗಿರುತ್ತಿತ್ತು. ಅವರು ತಲೆಯೆತ್ತಿ ಹಾಳೆ ನೋಡಿದರು, ತಲೆ ಇಳಿಸಿ ಬಲಗೈ ಹತ್ತಿರದ ಬೂಟಿಗೆ ಚರ್ಮದ ಪದರ ಎತ್ತಿಕೊಂಡರು.

ಚೌಕಮ್ಮ ಸ್ಟೂಲಿನಿಂದ ಎದ್ದಳು.

"ಮೇಸ್ತ್ರಿ, ನಿಮ್ಮ ಬಲಗೈ ಹತ್ತಿರ ಇರೋದು ಯಾವ ಕಾಲು?"

"ಎಡಗಾಲು. ಇನ್ಯಾವುದು? ಮಗುಚಿ ಇಟ್ಟಿದೀನಲ್ಲ."

"ಅದಕ್ಕೆ ಹಾಳೆಯಲ್ಲಿ ಯಾವ ಮನೆ ನೋಡಿದ್ರಿ?"

ಮೇಸ್ತ್ರಿ ಬೆರಳು ಎತ್ತಿ ತೋರಿಸಿದರು. ಹಾಳೆಯ ಬಲಗಡೆ. ತೋರಿಸಿದ ಬೆರಳು ಹಾಗೇ ನಿಂತಿತು. ಅವರು ಬೂಟು ನೋಡಿದರು, ಹಾಳೆ ನೋಡಿದರು, ಮತ್ತೆ ಬೂಟು ನೋಡಿದರು. ಪಕ್ಕದ ಹೊಲಿಗೆ ಯಂತ್ರ ನಿಂತಿತು.

ಆ ಕೋಣೆಯಲ್ಲಿ ಯಾರೂ ಯಾವತ್ತೂ ತಲೆಬರಹ ಓದುತ್ತಿರಲಿಲ್ಲ. ಬಲಗೈಯ ಬೂಟಿಗೆ ಬಲಗಡೆಯ ಅಂಕಿ, ಎಡಗೈಯ ಬೂಟಿಗೆ ಎಡಗಡೆಯ ಅಂಕಿ. ಹಳೆಯ ಯಂತ್ರ ಗಾಜಿನ ಕೆಳಗಿನಿಂದ ಕಂಡ ಪಾದವನ್ನೇ ಅಚ್ಚುಹಾಕುತ್ತಿದ್ದುದರಿಂದ ಅದರ ಚಿತ್ರವೂ ಮಗುಚಿದ ಬೂಟಿನ ಹಾಗೇ ಇರುತ್ತಿತ್ತು, ಮೇಜಿಗೆ ತಾಳೆಯಾಗುತ್ತಿತ್ತು. ಚೌಕಮ್ಮ ಮಾತ್ರ ಇಡೀ ಲೋಕವನ್ನು ನೆಟ್ಟಗೆ ನಿಲ್ಲಿಸಿ ಕೋಷ್ಟಕ ಬರೆದಿದ್ದಳು. ಮೂಲೆಯಲ್ಲಿ ಕೂತವಳ ಕಣ್ಣಿಗೆ ಅದು ಸರಿಯಾಗಿತ್ತು. ಬಾಗಿಲ ಹೊರಗೆ ಹೋಗಿ ನಿಂತ ಅಪ್ಪನ ಬೆನ್ನು ಅವಳಿಗೆ ಎಷ್ಟೋ ವರ್ಷಗಳ ಮೇಲೆ ಚೆನ್ನಾಗಿ ಕಂಡಿತು.

"ಮೇಲೆ ಎಡ, ಬಲ ಅಂತ ಬರೆದಿದೆಯಲ್ಲ ಮೇಸ್ತ್ರಿ," ಎಂದಳು, ದೂರುವುದಕ್ಕಲ್ಲ, ತಿಳಿಯುವುದಕ್ಕೆ.

"ಅದನ್ನ ಓದೋಕೆ ಕನ್ನಡಕ ಹಾಕಬೇಕು. ಕನ್ನಡಕ ಮುಟ್ಟಿದರೆ ಅಂಟು. ಆಮೇಲೆ ಕನ್ನಡಕ ಮೂಗಿಗೇ ಕಾಯಂ," ಎಂದರು ಮೇಸ್ತ್ರಿ. ಅವರ ಮುಖಕ್ಕೆ ಮೊದಲಿನ ಅಗಲ ಬಂದಿತ್ತು. ಬೇರೆ ಮೇಜುಗಳ ಕಡೆ ತಿರುಗಿ, ಅಟ್ಟೆ ಅಂಟಿಸೋದನ್ನೆಲ್ಲ ನಿಲ್ಲಿಸ್ರಪ್ಪಾ ಎಂದು ಕೂಗಿದರು.

ಅವಳು ಓಡಿದಳು ಎಂದೇ ಹೇಳಬೇಕು. ತನ್ನ ಕುರ್ಚಿಯಲ್ಲಿ ಕೂತು, ಪ್ರೋಗ್ರಾಮಿಗೆ ತಾನು ಕಲಿಸಿದ್ದ ಪಾಠ ತೆರೆದು, ಬಲಗಾಲಿನ ಕಾಲಂಗಳನ್ನು ಒಟ್ಟಾಗಿ ಹಿಡಿದು ಎಡಗಡೆಗೆ ಎಳೆದಳು. ಎಡಗಾಲು ಬಲಗಡೆಗೆ ಸರಿದು ಕೂತಿತು. ಹಾಳೆಯ ನೆತ್ತಿಯ ಮೇಲೆ, ಕನ್ನಡಕ ಇಲ್ಲದೆಯೂ ಕಾಣುವಷ್ಟು ದೊಡ್ಡದಾಗಿ, ಹೆಬ್ಬೆರಳು ಕೂಡಿಸಿ ಮಗುಚಿಟ್ಟ ಎರಡು ಅಟ್ಟೆಗಳ ಚಿತ್ರ ಹಾಕಿದಳು. ಮತ್ತೆ ಫೈಲುಗಳನ್ನೆಲ್ಲ ಒಳಗೆ ಸುರಿದಳು, ಹೊಸ ಕೋಷ್ಟಕ ಹೊರಗೆ ಬಂತು. ಮ್ಯಾನೇಜರು ಬಂದು ನೋಡಿ, ಎಲ್ಲ ಕಡೆ ಎಡ ಎಡಕ್ಕೇ ಇರುತ್ತದೆ, ಕೆಲಸಗಾರರಿಗೇ ತಲೆಬರಹ ಓದುವುದನ್ನು ರೂಢಿ ಮಾಡಿಸಬಹುದಲ್ಲ ಎಂದರು. ಅವಳು ಅವರನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಅದೇ ಸ್ಟೂಲಿನ ಮೇಲೆ ಕೂರಿಸಿದಳು. ಸ್ವಲ್ಪ ಹೊತ್ತು ಕೂತು ನೋಡಿದ ಅವರು, ತಮ್ಮ ಪಾದವನ್ನೇ ಎತ್ತಿ ಅಂಗಾಲು ನೋಡಿಕೊಂಡು, ಹೌದು ಕಣಮ್ಮ, ಇದೇ ಇರಲಿ ಎಂದು ನಕ್ಕರು.

ನಾದಿನಿಯ ಬೂಟಿನ ಅಟ್ಟೆ ಕೀಳಲು ಬರುವಂತಿರಲಿಲ್ಲ, ಕಿತ್ತರೆ ಮೇಲಿನ ಚರ್ಮವೂ ಬರುತ್ತಿತ್ತು. ಮೇಸ್ತ್ರಿ ಹೊಸದನ್ನೇ ಕೊಯ್ದರು. ಭಾನುವಾರ ಶೆಡ್ಡಿಗೆ ರಜೆ. ಬೀಗದ ಕೈ ಮ್ಯಾನೇಜರೇ ತಂದುಕೊಟ್ಟರು. ಹೊಲಿಗೆಯವಳು ಕರೆಯದೆಯೇ ಬಂದಳು. ಚೌಕಮ್ಮನಿಗೆ ಮಾಡಲು ಕೆಲಸವಿರಲಿಲ್ಲವಾದರೂ ದಾರ ಹಿಡಿಯುವ ಹಳೆಯ ಕೆಲಸ ಸಿಕ್ಕಿತು. ಮಧ್ಯಾಹ್ನ ನಾದಿನಿ ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಹೊಸ ಬೂಟು ಹಾಕಿಕೊಂಡು ನಿಂತಳು. ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಇಟ್ಟಳು. ಆ ತುದಿಗೆ ಹೋಗಿ ತಿರುಗಿ ಬಂದಳು. ಮತ್ತೆ ಹೋದಳು, ಈ ಸಲ ಸ್ವಲ್ಪ ಬೇಗ. ವಾಪಸು ಬರುವಾಗ ಅವಳ ಕೈಗಳು ಗೋಡೆಯನ್ನು ಹುಡುಕುತ್ತಿರಲಿಲ್ಲ.

"ಹೇಗಿದೆ ಕಂಡಕ್ಟರಮ್ಮ?" ಎಂದು ಮೇಸ್ತ್ರಿ ಕೇಳಿದರು.

"ಗುಡ್ಡಾನೂ ಇಲ್ಲ, ಬಾವೀನೂ ಇಲ್ಲ," ಎಂದಳು ನಾದಿನಿ. "ರಸ್ತೆ."

ಸೋಮವಾರ ಡಿಪೋದಲ್ಲಿ ಪರೀಕ್ಷೆಯ ಬಸ್ಸು ತುಂಬಲು ಪ್ರಯಾಣಿಕರು ಬೇಕಾಗಿದ್ದರು. ಮೆಕ್ಯಾನಿಕ್ಕುಗಳು, ಪಾಳಿ ಮುಗಿದ ಡ್ರೈವರುಗಳು, ಕಸ ಗುಡಿಸುವವರು ಹತ್ತಿದರು. ಚೌಕಮ್ಮನೂ ಹತ್ತಿದಳು. ಸೀಟು ಸಿಗಲಿಲ್ಲ. ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು, ಡ್ರೈವರಿಗೆ ಮೊದಲೇ ಹೇಳಿದ್ದರಂತೆ: ದಯೆ ತೋರಿಸಬೇಡ, ನಿನ್ನ ಮಾಮೂಲಿ ಓಟವೇ ಇರಲಿ.

ಡ್ರೈವರು ದಯೆ ತೋರಿಸಲಿಲ್ಲ. ಗೇಟು ದಾಟಿ ಎಡಕ್ಕೆ ಹೊರಳಿದಾಗ ನಿಂತವರೆಲ್ಲ ಕಂಬಿಗೆ ಜೋತುಬಿದ್ದರು. ನಾದಿನಿ ಮುಂದಿನ ಬಾಗಿಲ ಹತ್ತಿರ ಒಂದು ಕೈಯಲ್ಲಿ ಟಿಕೆಟ್ ಯಂತ್ರ ಹಿಡಿದು, ಇನ್ನೊಂದು ಕೈ ಖಾಲಿ ಬಿಟ್ಟು, ಹೊರಟಳು. ಅವಳ ಬಲಗಾಲು ನೆಲವನ್ನು ಮುಟ್ಟುವುದನ್ನು ಚೌಕಮ್ಮ ನೋಡುತ್ತಿದ್ದಳು. ಪ್ರತಿಸಲವೂ ಪೂರ್ತಿ ಅಟ್ಟೆ ಊರುತ್ತಿತ್ತು, ಒಂದೇ ಸದ್ದು, ಎರಡೂ ಕಾಲಿಗೆ ಒಂದೇ ಸದ್ದು. ಬಸ್ಸು ತಟ್ಟನೆ ನಿಂತಿತು. ಒಬ್ಬ ಮೆಕ್ಯಾನಿಕ್ಕು ಮುಂದಿನವನ ಬೆನ್ನಿಗೆ ಹೋಗಿ ಬಿದ್ದ. ನಾದಿನಿ ಮೊಣಕಾಲು ಸ್ವಲ್ಪ ಬಗ್ಗಿಸಿ, ಅಲೆ ದಾಟಿದವಳ ಹಾಗೆ ಮೇಲೆದ್ದು, ಬಿದ್ದವನ ಕಾಲರು ಹಿಡಿದು ನೆಟ್ಟಗೆ ನಿಲ್ಲಿಸಿ, ಟಿಕೆಟ್ ಕೊಟ್ಟು ಮುಂದೆ ನಡೆದಳು. ಹಿಂದಿನ ಸೀಟು ಬಂತು. ಇನ್‌ಸ್ಪೆಕ್ಟರು ಚಾಚಿದ್ದ ಕಾಲನ್ನು ನೋಡಿ ನಿಂತಳು.

"ಸಾರ್, ಕಾಲು ಒಳಗೆ ತಗೊಳ್ಳಿ. ಜನ ಓಡಾಡಬೇಕು."

ಇನ್‌ಸ್ಪೆಕ್ಟರು ಕಾಲು ಒಳಗೆ ತೆಗೆದುಕೊಂಡರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಮಡಿಲಲ್ಲಿದ್ದ ಕಾಗದಕ್ಕೆ ಸಹಿ ಹಾಕಿ, ನಾಳೆ ಬೆಳಗಿನ ಪಾಳಿಗೆ ಬಾ, ನಿನ್ನ ಹಳೇ ರೂಟೇ ಎಂದರು. ಹಿಂದಿನಿಂದ ಮುಂದಿನವರೆಗೆ ಸಿಳ್ಳೆ, ಚಪ್ಪಾಳೆ. ಡ್ರೈವರು ಹಾರ್ನಿನ ಮೇಲಿಂದ ಕೈ ತೆಗೆಯಲೇ ಇಲ್ಲ.

ಚೌಕಮ್ಮನ ಕಣ್ಣು ಮಂಜಾಗಿತ್ತು. ಕಂಬಿ ಹಿಡಿದು ದಾರಿಗೆ ಅಡ್ಡವಾಗಿಯೇ ನಿಂತುಬಿಟ್ಟಿದ್ದಳು. ನಾದಿನಿ ಹಿಂದಿನಿಂದ ಬರುತ್ತಾ ಅವಳ ಹೆಗಲನ್ನು ಟಿಕೆಟ್ ಯಂತ್ರದಿಂದ ಮೆಲ್ಲನೆ ತಟ್ಟಿದಳು. ದನಿ ಎತ್ತರಿಸಿ, ಇಷ್ಟು ತಿಂಗಳು ಮನೆಯ ಗೋಡೆಗಳ ನಡುವೆ ಅದುಮಿಟ್ಟಿದ್ದ ಆ ದನಿಯಲ್ಲೇ ಹೇಳಿದಳು:

"ಮುಂದೆ ಹೋಗಿ ಅತ್ತಿಗೆ, ಮುಂದೆ ಹೋಗಿ. ಒಳಗೆ ಬೇಕಾದಷ್ಟು ಜಾಗ ಇದೆ."